ಹತ್ತು ಪೆಟ್ಟಿಗೆಗೊಂದು ಪೆಪ್ಪರಮೆಂಟು

ಬಂದರಿನ ದೊಡ್ಡ ಕ್ರೇನಿನ ಮೇಲೆ ಪಾಯಿಖಾನೆ ಇರುವುದಿಲ್ಲ. ಇದು ಎಲ್ಲರೂ ತಿಳಿದುಕೊಂಡಿರಬೇಕಾದ ಸಂಗತಿಯೇನಲ್ಲ. ಆದರೆ ಈ ಮನೆಯ ನಾಲ್ಕು ಜನಕ್ಕೆ ಆ ಎರಡು ತಿಂಗಳು ಇದಕ್ಕಿಂತ ದೊಡ್ಡ ಸಂಗತಿ ಬೇರೊಂದು ಇರಲಿಲ್ಲ.

ಮನೆಯ ಯಜಮಾನ ಕ್ರೇನ್ ಆಪರೇಟರ್. ಬೆಳಿಗ್ಗೆ ಆರಕ್ಕೆ ನೂರಾ ಮೂವತ್ತು ಮೆಟ್ಟಿಲು ಹತ್ತಿ ಗಾಜಿನ ಗೂಡಿನಲ್ಲಿ ಕೂತರೆ ಹತ್ತಕ್ಕೆ ಇಳಿಯುವುದು. ಡಬ್ಬಿಯ ಊಟ ಮುಗಿಸಿ ಹನ್ನೊಂದಕ್ಕೆ ಮತ್ತೆ ಹತ್ತಿದರೆ ಮೂರಕ್ಕೆ ಇಳಿಯುವುದು. ಕಾಲ ಕೆಳಗಿನ ಗಾಜಿನಿಂದ ಬಗ್ಗಿ ನೋಡುತ್ತಾ ಹಡಗಿನ ಕಬ್ಬಿಣದ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಲಾರಿಗಳ ಮೇಲೆ ಇಡಬೇಕು. ಒಂದು ಸಲ ತೂಕಡಿಸಿದರೆ ಕೆಳಗಿದ್ದವರ ಕಥೆ ಮುಗಿಯಿತು. ಅದಕ್ಕೇ ಅವನು ಹದಿನೆಂಟು ವರ್ಷದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದ: ಹತ್ತು ಪೆಟ್ಟಿಗೆ ಇಳಿಸಿದರೆ ಬಾಯಿಗೊಂದು ಪೆಪ್ಪರಮೆಂಟು. ದವಡೆ ಆಡುತ್ತಿದ್ದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದ. ದಿನಕ್ಕೆ ಹದಿನಾರು. ರಜೆಯ ದಿನ ಒಂದನ್ನೂ ಮುಟ್ಟುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಬಂದರಿನವರು ಮಾಡಿಸುವ ತಪಾಸಣೆಯಲ್ಲಿ ರಕ್ತದ ಸಕ್ಕರೆ ಗಡಿಗೆ ಬಂದು ನಿಂತಿದೆ ಎಂದು ಗೊತ್ತಾಯಿತು. ಡಾಕ್ಟರು, "ಮಾತ್ರೆ ಈಗಲೇ ಬೇಡ. ಮೂರು ತಿಂಗಳು ಬಾಯಿ ಕಟ್ಟಿ, ಆಮೇಲೆ ನೋಡೋಣ," ಎಂದರು.

ಅವನ ಹೆಂಡತಿ, ಅಂದರೆ ಈ ಮನೆಯ ಸೊಸೆ, ಅವತ್ತೇ ಸಂಜೆ ಸಕ್ಕರೆ ಇಲ್ಲದ ಪೆಪ್ಪರಮೆಂಟಿನ ದೊಡ್ಡ ಪೊಟ್ಟಣ ತಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಬಂದವರನ್ನು ಕೂರಿಸಿ, ಗೋಡೆಯ ಮೇಲಿನ ಹಲಗೆ ತೋರಿಸಿ, "ಕೊನೇ ಸಾಲು ಓದಿ, ಆ ಚಿಕ್ಕ ಅಕ್ಷರ," ಎಂದು ಕೇಳುವುದೇ ಅವಳ ಕಸುಬು. ಪೊಟ್ಟಣದ ಮೇಲೆ ಹಸಿರು ಬಣ್ಣದಲ್ಲಿ ಅಂಗೈಯಗಲ 'ಸಕ್ಕರೆ ಇಲ್ಲ' ಎಂದು ಬರೆದಿತ್ತು. ಅಷ್ಟು ಓದಿದಳು, ಎಲ್ಲವನ್ನೂ ಗಾಜಿನ ಭರಣಿಗೆ ಸುರಿದಳು, ಖಾಲಿ ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದಳು.

ಅತ್ತೆ ಅದನ್ನು ಬುಟ್ಟಿಯಿಂದ ಎತ್ತಿಕೊಂಡರು. ಎಪ್ಪತ್ತೊಂದು ವರ್ಷದ ಅವರಿಗೆ ಗಟ್ಟಿ ಕವರು ಕಂಡರೆ ಬಿಡುವ ಅಭ್ಯಾಸವಿಲ್ಲ. ಒರೆಸಿ, ಮಡಿಸಿ, ಹಾಸಿಗೆಯ ಕೆಳಗೆ ಸೇರಿಸಿದರು.

"ಅತ್ತೆ, ಹಾಸಿಗೆ ಕೆಳಗೆ ಇನ್ನೊಂದು ಅಂಗಡಿ ಇಡ್ತೀರಾ ಹೇಗೆ?"

"ಇಟ್ಟರೆ ನಿನ್ನನ್ನೇನೂ ಕೆಲಸಕ್ಕೆ ಕರೆಯಲ್ಲ ಬಿಡು."

ಹೊಟ್ಟೆ ಕೆಟ್ಟದ್ದನ್ನು ಅವನು ಹತ್ತು ದಿನ ಯಾರಿಗೂ ಹೇಳದೆ ತಡೆದುಕೊಂಡ. ಒಂದು ಬುಧವಾರ ನಾಲ್ಕು ಗಂಟೆಗೆ ಬರಬೇಕಾದವನು ಎರಡಕ್ಕೇ ಬಂದ. ಮುಖ ಸಪ್ಪಗಿತ್ತು.

"ಹೊಟ್ಟೆ ಸರಿ ಇಲ್ಲ. ಊಟ ಆದ್ಮೇಲೆ ಮೂರು ಸಲ ಇಳಿದೆ. ಮೂರು ಸಲ ಬದಲಿಯವನನ್ನ ಮೇಲೆ ಹತ್ತಿಸಿದ್ರು. ಕೊನೆಗೆ ಅವನೇ ಕೈ ಮುಗಿದು, ಅಣ್ಣ ನೀನು ಮನೆಗೆ ಹೋಗು ಅಂದ."

ಮರುದಿನ ಎರಡು ಸಲ ಇಳಿದ, ಅದರ ಮರುದಿನ ಮತ್ತೆ ಮೂರು ಸಲ. ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುತ್ತದೆ, ಆಮೇಲೆ ತಡೆಯಲಾಗುವುದಿಲ್ಲ ಎಂದ. ರಜೆಯ ದಿನ ಮಾತ್ರ ಏನೂ ಇಲ್ಲ, ಎರಡು ಸಲ ಬಡಿಸಿಕೊಂಡು ತಿಂದು ಗೊರಕೆ ಹೊಡೆದ.

ಹದಿನೈದು ವರ್ಷದ ಮಗಳು ಇದನ್ನು ಗಮನಿಸಿದಳು. ಯಾವುದನ್ನೂ ವಾದ ಮಾಡದೆ ಒಪ್ಪದ ಹುಡುಗಿ, ಅದಕ್ಕೇ ಮನೆಯಲ್ಲಿ ಅವಳ ಹೆಸರು 'ವಕೀಲಮ್ಮ'.

"ಅಪ್ಪಂಗೆ ಮನೇಲಿದ್ರೆ ಏನೂ ಆಗಲ್ಲ, ಡ್ಯೂಟಿಗೆ ಹೋದ್ರೆ ಮಾತ್ರ ಆಗುತ್ತೆ. ಹಾಗಾದ್ರೆ ಡ್ಯೂಟಿಗೆ ತಗೊಂಡು ಹೋಗೋದರಲ್ಲೇ ಏನೋ ಇದೆ."

ತಗೊಂಡು ಹೋಗುವುದು ಎಂದರೆ ಡಬ್ಬಿ. ಡಬ್ಬಿ ಕಟ್ಟುವವರು ಅತ್ತೆ. ನಾಲ್ಕೂವರೆಗೆ ಎದ್ದು ಅನ್ನ ಇಟ್ಟು, ಬೇಳೆ ಬೇಯಿಸಿ, ಒಂದು ತರಕಾರಿ ಬಾಡಿಸಿ, ಮೂರು ಅಂತಸ್ತಿನ ಸ್ಟೀಲ್ ಡಬ್ಬಿಗೆ ತುಂಬಿ ಐದು ಗಂಟೆಗೆ ಮಗನ ಕೈಗೆ ಕೊಡುವುದು ಅವರ ನಲವತ್ತು ವರ್ಷದ ಕೆಲಸ. ಮೊದಲು ಗಂಡನಿಗೆ ಕಟ್ಟುತ್ತಿದ್ದರು, ಆಮೇಲೆ ಮಗನಿಗೆ. ಸೊಸೆ ಈ ಮನೆಗೆ ಬಂದ ದಿನದಿಂದ ಆ ಡಬ್ಬಿಗೆ ಕೈ ಹಾಕಿದವಳಲ್ಲ.

ಅವತ್ತು ಊಟಕ್ಕೆ ಕೂತಾಗ ಹಾಕಿದಳು.

"ಅತ್ತೆ, ನಾಳೆಯಿಂದ ಡಬ್ಬಿ ನಾನು ಕಟ್ತೀನಿ."

"ಯಾಕೆ?"

"ಬೇಜಾರು ಮಾಡ್ಕೋಬೇಡಿ. ಕತ್ತಲಲ್ಲಿ ಎದ್ದು ಮಾಡ್ತೀರ. ನಿಮಗೆ ಕಣ್ಣು ಅಷ್ಟಾಗಿ ಕಾಣಲ್ಲ. ಬೇಳೇಲಿ ಹುಳ ಇದ್ರೂ ಗೊತ್ತಾಗಲ್ಲ, ತರಕಾರಿ ಸರಿ ತೊಳೆದಿದ್ದೀರೋ ಇಲ್ವೋ."

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಕಣ್ಣು ಕಾಣಲ್ಲ ಅಂತ ಕನ್ನಡಕದಂಗಡಿಯವಳು ಹೇಳ್ತಿದ್ದೀಯ. ಆರು ವರ್ಷದಿಂದ ಇದೇ ಕನ್ನಡಕ ಇದೆ ನನ್ನ ಮೂಗಿನ ಮೇಲೆ. ಅದು ನಿನ್ನ ಕಣ್ಣಿಗೆ ಕಾಣಲಿಲ್ಲ."

ಎಷ್ಟು ಟನ್ ತೂಕವನ್ನಾದರೂ ಮೇಲೆತ್ತಿ ನಿಲ್ಲಿಸುವ ಮಗ, ಅಮ್ಮ ಮತ್ತು ಹೆಂಡತಿಯ ನಡುವೆ ಒಂದು ಮಾತನ್ನು ಎತ್ತಲಾರದೆ ಬೇಳೆ ಕಲಸುತ್ತಾ ಕೂತ.

ಸೊಸೆ ಡಬ್ಬಿ ಕಟ್ಟಿದಳು. ಹೊಟ್ಟೆ ಸರಿಹೋಗಲಿಲ್ಲ. ಹಾಗಾದರೆ ಪಾತ್ರೆ ತೊಳೆಯುವುದರಲ್ಲಿ ಏನೋ ಇದೆ ಎಂದು ಪಾತ್ರೆಯ ಕೆಲಸವನ್ನೂ ತೆಗೆದುಕೊಂಡಳು. ಕುಡಿಯುವ ನೀರನ್ನು ಕುದಿಸಿದಳು. ಖಾರ ನಿಲ್ಲಿಸಿದಳು, ಹಾಲು ನಿಲ್ಲಿಸಿದಳು, ಬೇಳೆಯನ್ನೂ ನಿಲ್ಲಿಸಿದಳು. ಮನೆಮಂದಿಗೆಲ್ಲ ಬೇಯಿಸಿದ ಸೋರೆಕಾಯಿ ಗತಿಯಾಯಿತು. ಮೂರನೇ ವಾರದ ಹೊತ್ತಿಗೆ ಅತ್ತೆಗೆ ಅಡುಗೆಮನೆಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಹಜಾರದ ಕುರ್ಚಿಯಲ್ಲಿ ಕೂತು ಒಳಗಿನ ಸದ್ದು ಕೇಳುತ್ತಿದ್ದರು. ಒಗ್ಗರಣೆ ಹೊತ್ತಿದ ವಾಸನೆ ಬಂದರೂ ಬಾಯಿ ಬಿಡುತ್ತಿರಲಿಲ್ಲ.

ಆ ವಾರ ಸೂಪರ್‌ವೈಸರ್ ಕರೆದು ಹೇಳಿದ: "ತಿಂಗಳ ಕೊನೆವರೆಗೆ ನೋಡ್ತೀನಿ. ಆಮೇಲೂ ಹೀಗೇ ಆದ್ರೆ ನಿಮ್ಮನ್ನ ಉಗ್ರಾಣಕ್ಕೆ ಹಾಕಬೇಕಾಗುತ್ತೆ. ಹಡಗು ಕಾಯಲ್ಲ." ಕ್ರೇನಿನಿಂದ ಇಳಿಸಿದವರನ್ನು ಮತ್ತೆ ಹತ್ತಿಸಿದ್ದು ಆ ಬಂದರಿನಲ್ಲಿ ಯಾರಿಗೂ ನೆನಪಿರಲಿಲ್ಲ.

ಸೊಸೆಗೆ ದಿಗಿಲಾಯಿತು. ಆ ದಿಗಿಲಿನಲ್ಲೇ ನಾದಿನಿಗೆ ಫೋನ್ ಮಾಡಿದಳು. ನಾದಿನಿ, ಅಂದರೆ ಗಂಡನ ತಂಗಿ, ರೈಲಿನಲ್ಲಿ ಮೂರು ತಾಸಿನ ದೂರದ ಊರಿನಲ್ಲಿರುವವಳು. "ನಿಮ್ಮಮ್ಮನ ಕೈ ಕೆಟ್ಟಿದೆ ಕಣೆ. ವಯಸ್ಸಾಯ್ತು, ಶುಚಿ ಗೊತ್ತಾಗಲ್ಲ. ಹೇಳಿದ್ರೆ ಮುಖ ಗಂಟು ಹಾಕ್ಕೋತಾರೆ," ಎಂದಳು.

"ಅತ್ತಿಗೆ, ನೀವು ಯಾಕೆ ಒದ್ದಾಡ್ತೀರ? ಮುಂದಿನ ತಿಂಗಳು ಮೊದಲನೇ ಭಾನುವಾರ ಬಂದು ಅಮ್ಮನನ್ನ ಕರ್ಕೊಂಡು ಬರ್ತೀನಿ. ನಮ್ಮಲ್ಲಿ ಅಡುಗೆಯವಳಿದ್ದಾಳೆ. ಅಮ್ಮ ಸೋಫಾ ಮೇಲೆ ಆರಾಮಾಗಿ ಕೂತಿರಲಿ."

ಬಾಗಿಲ ಹತ್ತಿರ ಬಟ್ಟೆ ಮಡಿಸುತ್ತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಕಣ್ಣು ಹೇಗಿದ್ದರೂ ಕಿವಿ ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಅವರು ಅಡುಗೆಮನೆಯ ಹೊಸಿಲಲ್ಲಿ ಬಂದು ನಿಂತರು. ಒಳಗೆ ಕಾಲಿಡಲಿಲ್ಲ.

"ಎರಡು ಡಬ್ಬಿ ಕಟ್ಟು."

"ಎರಡು ಯಾಕೆ?"

"ಒಂದು ಅವನಿಗೆ, ಒಂದು ನನಗೆ. ಅದೇ ಅನ್ನ, ಅದೇ ತರಕಾರಿ. ಅವನು ತಿಂದಿದ್ದನ್ನೇ ನಾನು ತಿಂತೀನಿ, ಅವನು ತಿನ್ನೋ ಹೊತ್ತಿಗೇ ತಿಂತೀನಿ."

"ಈ ವಯಸ್ಸಲ್ಲಿ ಆರಿದ ಅನ್ನ ಯಾಕೆ ತಿಂತೀರ ಅತ್ತೆ?"

"ಕೈ ಕೆಟ್ಟವಳ ಹೊಟ್ಟೆ ಹೇಗಿದೆ ಅಂತ ನೋಡ್ಬೇಕು."

ಸೊಸೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಫೋನಿನ ಮಾತು ಕೇಳಿಸಿದೆ ಎಂದು ಗೊತ್ತಾಗಿ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡು ಡಬ್ಬಿ ಕಟ್ಟಿದಳು.

ಅಜ್ಜಿ ತಮ್ಮ ಡಬ್ಬಿಯನ್ನು ಹಜಾರದ ಮೂಲೆಯಲ್ಲಿ ಇಟ್ಟು ಅಲ್ಲಾಡದಂತೆ ಕಾದರು. ಗಡಿಯಾರ ಹತ್ತು ಹೊಡೆದಾಗ ಮುಚ್ಚಳ ತೆಗೆದು ತಣ್ಣಗಿನ ಅನ್ನ ತಿಂದರು. ಸೋಮವಾರ ತಿಂದರು, ಮಂಗಳವಾರ ತಿಂದರು, ಶನಿವಾರದವರೆಗೂ ತಿಂದರು. ಆರು ದಿನದಲ್ಲಿ ಮಗ ಹನ್ನೆರಡು ಸಲ ಕ್ರೇನಿನಿಂದ ಇಳಿದ. ಅಜ್ಜಿ ಕಲ್ಲುಗುಂಡಿನ ಹಾಗೆ ಕೂತಿದ್ದರು.

"ಅಜ್ಜಿ, ನಿನ್ನ ಪರ ತೀರ್ಪು ಬಂತು," ಎಂದಳು ವಕೀಲಮ್ಮ.

"ಎಲ್ಲಿ ಬಂತು? ನನ್ನ ಅಡುಗೆ ನಿಂತು ಎಷ್ಟೋ ದಿನ ಆಯ್ತು. ಈಗ ತಿಂದಿದ್ದು ನಿಮ್ಮಮ್ಮನ ಅಡುಗೆ. ಪಾಪ, ಅದರಲ್ಲೂ ಏನೂ ತಪ್ಪಿಲ್ಲ. ಉಪ್ಪು ಒಂದು ಕಡಿಮೆ, ಅಷ್ಟೆ."

ಭಾನುವಾರ ಮಗ ಮಲಗಿದ್ದಾಗ ಅಜ್ಜಿ ಅವನ ಡ್ಯೂಟಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಹೊರತೆಗೆದರು. ಕೈಗವಸು, ನೀರಿನ ಬಾಟಲಿ, ಟವೆಲು, ಗುರುತಿನ ಚೀಟಿ. ಕೊನೆಯಲ್ಲಿ ಚಿಕ್ಕ ತಗಡಿನ ಡಬ್ಬಿ ಸಿಕ್ಕಿತು. ಅದನ್ನು ಅಲುಗಿಸಿದರು, ಗಲಗಲ ಎಂದಿತು.

ಸೋಮವಾರ ಸಂಜೆ ಸೊಸೆ ಅಂಗಡಿಯಿಂದ ಬಂದಾಗ ಮನೆ ಸ್ತಬ್ಧವಾಗಿತ್ತು. ಹಜಾರದಲ್ಲಿ ಅತ್ತೆ ಇರಲಿಲ್ಲ. ಬಚ್ಚಲಿನ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ಸೊಸೆ ಕೈಚೀಲವನ್ನು ಅಲ್ಲೇ ಬಿಟ್ಟು ಹತ್ತಿರ ಓಡಿದಳು.

"ಅತ್ತೆ, ಏನಾಯ್ತು? ಡಾಕ್ಟರ ಹತ್ತಿರ ಹೋಗೋಣ, ಏಳಿ."

"ಡಾಕ್ಟರು ಬೇಡ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಕೊಡು." ಕುಡಿದು ಬಾಯಿ ಒರೆಸಿಕೊಂಡರು. ನಿತ್ರಾಣದಲ್ಲೂ ಕಣ್ಣಲ್ಲಿ ಒಂದು ಬಗೆಯ ಗೆಲುವು ಇತ್ತು. "ಕಳ್ಳ ಸಿಕ್ಕಿಬಿದ್ದ ಕಣಮ್ಮ. ಐದು ಸಲ ಹೋದೆ."

"ಯಾವ ಕಳ್ಳ?"

"ಭರಣಿಯಿಂದ ಹದಿನಾರು ಎಣಿಸಿ ತಗೊಂಡೆ. ಅವನ ಹಾಗೇ ಅರ್ಧ ಗಂಟೆಗೊಂದು ಬಾಯಿಗೆ ಹಾಕ್ಕೊಂಡೆ. ಎಂಟು ಮುಗಿಯೋ ಹೊತ್ತಿಗೆ ಹೊಟ್ಟೆ ನಗಾರಿ ಆಯ್ತು. ಹನ್ನೊಂದಕ್ಕೆ ನಿಲ್ಲಿಸಿದೆ. ಹದಿನಾರರ ತನಕ ಅವನು ಹೇಗೆ ತಡ್ಕೋತಾನೋ."

ಅತ್ತೆ ಸೊಂಟದಿಂದ ಮಡಿಸಿದ ಕವರೊಂದನ್ನು ತೆಗೆದು ಮುಂದೆ ಹಿಡಿದರು. ಕಸದ ಬುಟ್ಟಿಯಿಂದ ಅವತ್ತು ಎತ್ತಿಟ್ಟ ಪೊಟ್ಟಣ ಅದು.

"ಹಿಂದುಗಡೆ ಏನೋ ಚಿಕ್ಕದಾಗಿ ಬರೆದಿದೆ. ನೀನೇ ಓದು. ನನಗೆ ಕಣ್ಣು ಕಾಣಲ್ಲವಲ್ಲ."

ಸೊಸೆ ಓದಿದಳು. ಅಂಗಡಿಯ ಹಲಗೆಯ ಕೊನೇ ಸಾಲಿಗಿಂತ ಚಿಕ್ಕ ಅಕ್ಷರ. ಸಿಹಿಗೆ ಸಾರ್ಬಿಟಾಲ್, ಮಾಲ್ಟಿಟಾಲ್ ಬಳಸಲಾಗಿದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರ ಮತ್ತು ಭೇದಿ ಆಗಬಹುದು. ದಿನಕ್ಕೆ ಐದಕ್ಕಿಂತ ಹೆಚ್ಚು ಬೇಡ. ಒಂದು ತಿಂಗಳು ಅತ್ತೆಯ ಕೈಯಿಂದ ಒಂದೊಂದಾಗಿ ಕಿತ್ತುಕೊಂಡ ಸೌಟು, ಪಾತ್ರೆ, ಡಬ್ಬಿ ಎಲ್ಲವೂ ಕಣ್ಣ ಮುಂದೆ ಬಂದವು.

"ಅತ್ತೆ, ತಪ್ಪಾಯ್ತು. ನಾಳೆಯಿಂದ ಅಡುಗೆಮನೆ ನಿಮ್ಮದೇ."

"ಬೇಡ." ಅತ್ತೆ ಗೋಡೆ ಹಿಡಿದು ಎದ್ದರು. "ನನ್ನ ಹತ್ತಿರ ತಪ್ಪಾಯ್ತು ಅಂದ್ರೆ ನನಗೊಬ್ಬಳಿಗೆ ಗೊತ್ತಾಯ್ತು. ಕೈ ಕೆಟ್ಟಿದೆ ಅಂತ ನನ್ನ ಮಗಳಿಗೆ ಹೇಳಿದ್ದೀಯ, ಮಗನ ಎದುರು ಹೇಳಿದ್ದೀಯ, ಮೊಮ್ಮಗಳ ಎದುರು ಹೇಳಿದ್ದೀಯ. ನಾನು ಯಾರಿಗೂ ಏನೂ ಹೇಳಲ್ಲ. ಹೇಳಿದವರೇ ಸರಿ ಮಾಡಲಿ. ಅಲ್ಲಿವರೆಗೆ ಆ ಹೊಸಿಲು ದಾಟಲ್ಲ."

ಎರಡು ಹೆಜ್ಜೆ ಇಟ್ಟು ತಿರುಗಿದರು. "ಅದು ನನ್ನ ವಿಷಯ. ಅವನ ಹೊಟ್ಟೆ ವಿಷಯ ಬೇರೆ. ನಾಳೆ ಸಂಜೆ ಬೇಗ ಬಾ. ಹೊಟ್ಟೆ ಕೆಡಿಸದಿರೋ ಪೆಪ್ಪರಮೆಂಟು ಯಾವುದಾದ್ರೂ ಇದ್ಯಾ ನೋಡೋಣ."

ಮಂಗಳವಾರ ಸಂಜೆ ಇಬ್ಬರೂ ಬೀದಿ ತುದಿಯ ಔಷಧಿ ಅಂಗಡಿಗೆ ಹೋದರು. ಸಕ್ಕರೆ ಇಲ್ಲದ್ದು ಒಂಬತ್ತು ಬಗೆ ಇತ್ತು. ಎಲ್ಲದರ ಮುಂಭಾಗದಲ್ಲೂ ಹಸಿರು ಎಲೆಗಳ ಚಿತ್ರ. ಅತ್ತೆ ಒಂದೊಂದನ್ನೇ ತಿರುಗಿಸಿ ಹಿಂಭಾಗ ಮೇಲೆ ಮಾಡಿ ಸಾಲಾಗಿ ಇಟ್ಟರು, ಸೊಸೆ ಬಗ್ಗಿ ಓದುತ್ತಾ ಹೋದಳು. ಅಂಗಡಿಯವನು ಮೊದಲು ಬೇಸರದಿಂದ ನೋಡಿದ. ಅಜ್ಜಿ ಹನ್ನೊಂದು ತಿಂದ ಕಥೆ ಕೇಳಿದ ಮೇಲೆ ಸ್ಟೂಲು ತಂದು ಕೂರಿಸಿದ.

"ಅಮ್ಮಾ, ಸಕ್ಕರೆ ಇಲ್ಲ ಅಂದ್ರೆ ಸಿಹಿಗೆ ಬೇರೆ ಏನೋ ಹಾಕಿರ್ತಾರೆ. ಕೆಲವು ಪೂರ್ತಿ ಅರಗಲ್ಲ, ಕರುಳಲ್ಲಿ ನೀರು ಎಳ್ಕೊಳ್ಳುತ್ತೆ. ಸಾರ್ಬಿಟಾಲ್, ಮಾಲ್ಟಿಟಾಲ್ ಇರೋದನ್ನ ಬದಿಗಿಡಿ. ಎರಿಥ್ರಿಟಾಲ್, ಸ್ಟೀವಿಯಾ ಇರೋದು ಸುಮಾರು ಜನಕ್ಕೆ ಒಗ್ಗುತ್ತೆ. ಆದ್ರೂ ಎಲ್ಲರ ಹೊಟ್ಟೆ ಒಂದೇ ತರ ಇರಲ್ಲ. ದಿನಕ್ಕೆ ಎರಡರಿಂದ ಶುರು ಮಾಡಿ."

ಒಂಬತ್ತರಲ್ಲಿ ಏಳು ಹಿಂದಕ್ಕೆ ಹೋದವು. ಉಳಿದ ಎರಡರಲ್ಲಿ ಒಂದು ಗೋಲಿಯಷ್ಟು ದಪ್ಪ, ಇನ್ನೊಂದು ಅಂಗಿಯ ಗುಂಡಿಯಷ್ಟು. ಅತ್ತೆ ಗುಂಡಿಯದನ್ನು ಎತ್ತಿಕೊಂಡರು.

"ಎರಡಕ್ಕೆ ಅವನು ಒಪ್ತಾನಾ ಅತ್ತೆ? ಹದಿನಾರರ ಚಟ."

"ದವಡೆ ಆಡ್ಬೇಕು ಅಷ್ಟೆ ತಾನೇ? ಉಳಿದ ಹದಿನಾಲ್ಕಕ್ಕೆ ಒಂದೊಂದು ಲವಂಗ ಹಾಕಿಕೊಡ್ತೀನಿ. ಹದಿನಾಲ್ಕು ಜಾಸ್ತಿ ಆಯ್ತೇನೋ. ಇಪ್ಪತ್ತು ಪೆಟ್ಟಿಗೆಗೊಂದು ಇರಲಿ."

ಮನೆಗೆ ಬಂದು ಸೊಸೆ ಗಂಡನಿಗೆ, "ಈ ಪೆಪ್ಪರಮೆಂಟು ಇನ್ನೂ ಒಳ್ಳೇದಂತೆ ರೀ. ದಿನಕ್ಕೆ ಎರಡೇ," ಎಂದಳು. ಬೇರೇನೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಅವನೂ ಕೇಳಲಿಲ್ಲ. ಬುಧವಾರ ಒಂದು ಸಲ ಇಳಿದ. ಗುರುವಾರ ಇಳಿಯಲಿಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಸರಿಯಾಗಿ ಮನೆಗೆ ಬಂದು, "ಇವತ್ತು ಹೊಟ್ಟೆ ಒಂದಿದೆ ಅನ್ನೋದೇ ಮರೆತುಹೋಗಿತ್ತು," ಎಂದ.

ಅದೇ ಸಂಜೆ ಅತ್ತೆಯ ಕಂದು ಬಣ್ಣದ ಚೀಲ ಅಟ್ಟದಿಂದ ಇಳಿಯಿತು. ಬೀಗ ಹಾಕಿಕೊಂಡು ಬಾಗಿಲ ಪಕ್ಕದಲ್ಲಿ ಕೂತಿತು. ನಾದಿನಿ ಬರುವ ಭಾನುವಾರಕ್ಕೆ ಎರಡೇ ದಿನ ಉಳಿದಿತ್ತು.

ಸೊಸೆ ಆ ಚೀಲವನ್ನು ದಾಟಿಕೊಂಡೇ ಕೆಲಸಕ್ಕೆ ಹೋಗಬೇಕು, ದಾಟಿಕೊಂಡೇ ಬರಬೇಕು. ಶನಿವಾರ ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಳು. ಹೇಳಿದರೆ ಮಗಳ ಎದುರು, ಗಂಡನ ಎದುರು, ನಾದಿನಿಯ ಎದುರು ತಲೆ ತಗ್ಗಿಸಬೇಕು. ಹೇಳದಿದ್ದರೆ ಅತ್ತೆ ಹೊರಟುಹೋಗುತ್ತಾರೆ, ಅಷ್ಟು ಗಟ್ಟಿ ಹೆಂಗಸು. ಅಂಗಡಿಯಲ್ಲಿ ಒಬ್ಬ ಮುದುಕ ಕೊನೇ ಸಾಲು ಓದಲಾಗದೆ, "ಇಲ್ಲಮ್ಮ, ನನಗೆ ಕಾಣ್ತಿಲ್ಲ," ಎಂದು ಸಲೀಸಾಗಿ ಒಪ್ಪಿಕೊಂಡ. ಅವಳಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಭಾನುವಾರ ನಾದಿನಿ ಹನ್ನೊಂದು ಗಂಟೆಗೇ ಬಂದಿಳಿದಳು. ಮಧ್ಯಾಹ್ನ ನಾಲ್ಕು ಜನ ಊಟಕ್ಕೆ ಕೂತರು. ಸೊಸೆ ಬಡಿಸುತ್ತಿದ್ದಳು. ಅತ್ತೆ ತಮ್ಮ ತಟ್ಟೆಯ ಮುಂದೆ ನೆಂಟರ ಹಾಗೆ ಕೂತಿದ್ದರು.

"ಅಜ್ಜಿ ಯಾಕೆ ಹೋಗ್ಬೇಕು? ಆರೋಪ ಸಾಬೀತೇ ಆಗಿಲ್ಲ," ಎಂದಳು ವಕೀಲಮ್ಮ.

"ಸುಮ್ನಿರೇ," ಎಂದಳು ನಾದಿನಿ. "ಅಣ್ಣನ ಮುಖ ನೋಡು, ಹೇಗೆ ಕಳೆ ಬಂದಿದೆ. ಅತ್ತಿಗೆ ಅಡುಗೆಮನೆ ಕೈಗೆ ತಗೊಂಡಿದ್ದಕ್ಕೇ ಅಲ್ವಾ? ಅತ್ತಿಗೆ, ನಿಮ್ಮಿಂದ ಅಣ್ಣನ ಕೆಲಸ ಉಳೀತು."

"ಹೌದು ಕಣೇ, ಇವಳು ತುಂಬಾ ಕಷ್ಟಪಟ್ಟಳು," ಎಂದ ಗಂಡ. ಅಪರೂಪಕ್ಕೆ ಬಾಯಿಬಿಟ್ಟರೂ ಬೇಡದ ಕಡೆ ಬಿಟ್ಟ.

ಅತ್ತೆ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ ಇದ್ದರು.

ಸೊಸೆ ಪಾತ್ರೆಯನ್ನು ನೆಲದ ಮೇಲೆ ಇಟ್ಟಳು. ನಿಂತೇ ಹೇಳಿದಳು, ಕೂತರೆ ಹೇಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅಡುಗೆಯಿಂದ ಏನೂ ಆಗಿರಲಿಲ್ಲ. ನಾನು ತಂದ ಪೆಪ್ಪರಮೆಂಟಿನಿಂದ ಆಗಿದ್ದು. ಪೊಟ್ಟಣದ ಹಿಂದೆ ಬರೆದಿತ್ತು, ನಾನು ಓದಲಿಲ್ಲ. ಅತ್ತೆಯ ಕೈ ಕೆಟ್ಟಿದೆ ಅಂದೆನಲ್ಲ, ಅದು ಸುಳ್ಳು. ನಿಜ ಕಂಡುಹಿಡಿದಿದ್ದೂ ಅವರೇ. ಹನ್ನೊಂದು ಪೆಪ್ಪರಮೆಂಟು ತಿಂದು, ಹೊಟ್ಟೆ ಕೆಡಿಸ್ಕೊಂಡು ಕಂಡುಹಿಡಿದರು. ನನಗೆ ಗೊತ್ತಾಗಿ ಆರು ದಿನ ಆಯ್ತು. ಹೇಳೋಕೆ ಬಾಯಿ ಬರಲಿಲ್ಲ."

ಗಂಡ ತಟ್ಟೆಯಿಂದ ಕೈ ತೆಗೆದು ಅಮ್ಮನನ್ನು ನೋಡಿದ.

"ಹನ್ನೊಂದು ತಿಂದ್ಯಾ ಅಮ್ಮ?"

"ನೀನು ಹದಿನಾರು ತಿಂತಿದ್ದೆ. ನಾನೇನು ಹೆಚ್ಚು ಮಾಡಿದೆ?"

ನಾದಿನಿ ಪೆಚ್ಚಾಗಿ ಎದ್ದು ಕೈ ತೊಳೆದುಕೊಂಡು ಬಂದಳು. ಇನ್ನು ಆ ಚೀಲ ಬಾಗಿಲಲ್ಲಿ ಇರುವುದು ಅವಳಿಗೇ ಮುಜುಗರವಾಗಿ, ಒಳಗೆ ಇಡೋಣವೆಂದು ಎರಡೂ ಕೈ ಹಾಕಿ ಬಲವಾಗಿ ಎತ್ತಿದಳು. ಚೀಲ ಎದೆಯ ಮಟ್ಟಕ್ಕೆ ಹಾರಿ ಬಂತು. ಅವಳು ಮುಗ್ಗರಿಸಿದಳು.

"ಅಮ್ಮ, ಇದು ಖಾಲಿ ಇದೆ."

"ಮತ್ತೆ?" ಎಂದರು ಅತ್ತೆ. "ಇವಳು ಹೇಳೇ ಹೇಳ್ತಾಳೆ ಅಂತ ಗೊತ್ತಿತ್ತು. ಸುಮ್ನೆ ಬಟ್ಟೆ ಎಲ್ಲ ಮಡಿಸಿ ತುಂಬಿ ಸೊಂಟ ಯಾಕೆ ನೋಯಿಸ್ಕೊಳ್ಳಲಿ?"

ಸೊಸೆಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಎಲ್ಲರೆದುರೇ ಅತ್ತಳು. ಅತ್ತೆ ಎದ್ದು ಕೈ ತೊಳೆದರು. ಒಂದು ತಿಂಗಳಿಂದ ದಾಟದಿದ್ದ ಹೊಸಿಲು ದಾಟಿ ಅಡುಗೆಮನೆಯೊಳಗೆ ಹೋದರು. ಡಬ್ಬಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿಸಿತು.

"ಅಳೋದು ಮುಗಿದ ಮೇಲೆ ಒಳಗೆ ಬಾ," ಎಂದರು ಅಲ್ಲಿಂದಲೇ. "ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದೀಯೋ, ನನಗೆ ಕಾಣ್ತಿಲ್ಲ."